19 ಇಂಚಿನ ಅಲಾಯ್ ಕೂರುತ್ತದಾ? ಮೊದಲು ಹಬ್ ನೋಡಿ

ಪ್ರಶ್ನೆ: ನಾನು ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡುತ್ತೇನೆ. ಹೋದ ವರ್ಷ ಬೆಂಗಳೂರಿನಿಂದ 2015ರ ಬಿಎಂಡಬ್ಲ್ಯು 320ಡಿ ಸೆಕೆಂಡ್ ಹ್ಯಾಂಡ್ ತಂದೆ. ಕಂಪನಿಯ 17 ಇಂಚಿನ ರಿಮ್ ಇದೆ, ಟಯರ್ 225/50. ಒಂದು ರಿಮ್ ಗುಂಡಿಗೆ ಬಿದ್ದು ಬೆಂಡ್ ಆಗಿದೆ. ಹೇಗೂ ಬದಲಾಯಿಸಬೇಕಲ್ಲ, ನಾಲ್ಕಕ್ಕೂ 19 ಇಂಚಿನ ಅಲಾಯ್ ಹಾಕಿಸೋಣ ಅಂತ ಮಗ ಹಟ ಹಿಡಿದಿದ್ದಾನೆ. ಅಂಗಡಿಯವರು ತೋರಿಸಿದ ಸೆಟ್ಟಿನ ಹಿಂದೆ 19×9.5, ಇಟಿ 35, 5×114.3, 73.1 ಎಂದು ಬರೆದಿದೆ. "ಬೋಲ್ಟ್ ತೂತು ಸ್ವಲ್ಪ ವ್ಯತ್ಯಾಸ ಇದೆ, ಲೇತ್‌ಗೆ ಕೊಟ್ಟು ಸರಿ ಮಾಡಿಸ್ತೀವಿ, ಏನೂ ಆಗಲ್ಲ" ಅಂತಾರೆ. 5 ಸಾವಿರ ಮುಂಗಡ ಕೊಟ್ಟಿದ್ದೇನೆ. ತಿಂಗಳಿಗೆ ನಾಲ್ಕೈದು ಸಲ ಬೆಂಗಳೂರಿಗೆ, ವಾರಕ್ಕೊಮ್ಮೆ ಜಗಳೂರು ಕಡೆಯ ಹಳ್ಳಿಗಳಿಗೆ ಹೋಗುತ್ತೇನೆ. ಹಾಕಿಸಬಹುದಾ?

ಉತ್ತರ: ಆ ಸೆಟ್ ಬೇಡ ಸರ್. ಮುಂಗಡ ವಾಪಸ್ ಕೇಳಿ. ಕೊಡಲ್ಲ ಅಂದರೆ ಅದೇ ದುಡ್ಡಿಗೆ ಅಲ್ಲೇ ಬೇರೆ ಏನಾದರೂ ತೆಗೆದುಕೊಳ್ಳಿ. ಆದರೆ ಆ ರಿಮ್‌ಗಳನ್ನು ಲೇತಿಗೆ ಕಳಿಸಲು ಮಾತ್ರ ಒಪ್ಪಬೇಡಿ. ಒಮ್ಮೆ ತೂತು ಕೊರೆದ ಮೇಲೆ ಅವು ಯಾರ ಕಾರಿಗೂ ಬರುವುದಿಲ್ಲ, ಅಂಗಡಿಯವರೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ನೀವು ಅಂಕಿಗಳನ್ನೆಲ್ಲ ಬರೆದು ಕಳಿಸಿದ್ದು ಒಳ್ಳೆಯದಾಯಿತು. ನನ್ನ ಹತ್ತಿರ ಬರುವವರಲ್ಲಿ ಮುಕ್ಕಾಲು ಜನ ಮೊಬೈಲಿನಲ್ಲಿ ರಿಮ್ಮಿನ ಮುಖದ ಫೋಟೋ ತೋರಿಸಿ "ಇದು ಕೂರುತ್ತದಾ?" ಎಂದು ಕೇಳುತ್ತಾರೆ. ಮುಖ ನೋಡಿದರೆ ಏನೂ ತಿಳಿಯುವುದಿಲ್ಲ. ಹೆಣ್ಣು ನೋಡಲು ಹೋದವರು ಫೋಟೋ ಮಾತ್ರ ನೋಡಿ ಬಂದ ಹಾಗೆ. ರಿಮ್ಮಿನ ಜಾತಕ ಇರುವುದು ಅದರ ಬೆನ್ನಲ್ಲಿ.

ನಿಮ್ಮ ಕಾರು ಬಿಎಂಡಬ್ಲ್ಯು ತ್ರೀ ಸೀರೀಸಿನ ಎಫ್30 ಎಂಬ ಪೀಳಿಗೆಯದು. ಅದರ ಹಬ್ಬಿಗೆ, ಅಂದರೆ ಚಕ್ರ ತಾಗಿ ಕೂರುವ ನಡುಭಾಗಕ್ಕೆ, ಐದು ಬೋಲ್ಟ್. ಆ ಐದೂ ಬೋಲ್ಟ್‌ಗಳ ನಡುಮಧ್ಯ ಹಾದು ಹೋಗುವಂತೆ ಒಂದು ವೃತ್ತ ಎಳೆದರೆ ಅದರ ಅಡ್ಡಗಲ 120 ಮಿ.ಮೀ. ಇದನ್ನೇ ಪಿಸಿಡಿ ಎನ್ನುತ್ತೇವೆ, 5×120 ಎಂದು ಬರೆಯುತ್ತೇವೆ. ಅಂಗಡಿಯ ರಿಮ್ 5×114.3. ಇದು ಟೊಯೋಟ, ಹೋಂಡಾ, ಹ್ಯುಂಡೈ ಕಡೆಯ ಅಳತೆ. ಎರಡಕ್ಕೂ 5.7 ಮಿ.ಮೀ. ವ್ಯತ್ಯಾಸ. ಕೇಳಲು ಸಣ್ಣದು, ಅಲ್ವಾ? ಕಷ್ಟ ಇರುವುದೇ ಅದು ಸಣ್ಣದಾಗಿರುವುದರಲ್ಲಿ. ಹಳೆಯ ತೂತಿನ ನಡುವಿನಿಂದ ಹೊಸ ತೂತಿನ ನಡುವಿಗೆ ಬರೀ 2.85 ಮಿ.ಮೀ. ದೂರ. ಹೊಸ ತೂತು ಹಳೆಯದರ ಮೇಲೆಯೇ ಬೀಳುತ್ತದೆ. ದುಂಡಗಿದ್ದ ತೂತು ಹುಣಸೆ ಬೀಜದ ಹಾಗೆ ಉದ್ದುದ್ದ ಆಗುತ್ತದೆ. ಬೋಲ್ಟಿನ ತಲೆ ಕೂರುವ ಇಳಿಜಾರು ಅಂಚು ಅರ್ಧ ಹೋಗುತ್ತದೆ. ಬೋಲ್ಟ್ ಬಿಗಿಯಾಗಿ ಕಂಡರೂ ಅದು ಒಂದು ಕಡೆ ಮಾತ್ರ ಕಚ್ಚಿಕೊಂಡಿರುತ್ತದೆ.

ಕೆಲವರು ಹಳೆಯ ತೂತನ್ನು ವೆಲ್ಡ್ ಮಾಡಿ ಮುಚ್ಚಿ ಹೊಸದು ಕೊರೆಯುತ್ತಾರೆ. ಅದು ಇನ್ನೂ ಕೆಟ್ಟದ್ದು. ಅಲಾಯ್ ರಿಮ್ಮನ್ನು ಎರಕ ಹೊಯ್ದ ಮೇಲೆ ಬಿಸಿ ಮಾಡಿ, ತಣಿಸಿ, ಮತ್ತೆ ಹದವಾಗಿ ಕಾಯಿಸಿ ಗಟ್ಟಿ ಮಾಡಿರುತ್ತಾರೆ. ವೆಲ್ಡಿಂಗ್ ಬಿಸಿ ತಗುಲಿದ ಜಾಗದಲ್ಲಿ ಆ ಹದ ಹೋಗುತ್ತದೆ. ಇಡೀ ಕಾರಿನ ಒತ್ತಡ ಬೀಳುವ ಜಾಗವೇ ಅದು. ನಮ್ಮ ದಾವಣಗೆರೆಯ ಲೇತ್ ಕೆಲಸಗಾರರ ಕೈಯ ಬಗ್ಗೆ ನನಗೆ ಗೌರವ ಇದೆ. ಹತ್ತಿ ಮಿಲ್ಲುಗಳ ಕಾಲದಿಂದ ಬಂದ ವಿದ್ಯೆ ಅದು. ಕೆಲಸ ಅವರು ಅಚ್ಚುಕಟ್ಟಾಗಿಯೇ ಮಾಡಿಕೊಡುತ್ತಾರೆ. ಆದರೆ ತಪ್ಪು ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದರೂ ಅದು ತಪ್ಪು ಕೆಲಸವೇ.

ಇನ್ನು ಅಡಾಪ್ಟರ್ ಎಂಬ ದಪ್ಪ ಬಿಲ್ಲೆ ಹಾಕೋಣ ಎನ್ನಬಹುದು. ಒಂದು ಕಡೆ 120ರ ಬೋಲ್ಟ್, ಇನ್ನೊಂದು ಕಡೆ 114.3ರದ್ದು. ಅದು ಕನಿಷ್ಠ 20 ಮಿ.ಮೀ. ದಪ್ಪ ಇರಲೇಬೇಕಾಗುತ್ತದೆ. ಅಷ್ಟು ಚಕ್ರ ಹೊರಗೆ ಬರುತ್ತದೆ. ನಿಮ್ಮ ಆ 9.5 ಇಂಚು ಅಗಲದ ರಿಮ್ ಅದಿಲ್ಲದೆಯೇ ಜಾಸ್ತಿ ಹೊರಗೆ ಬರುತ್ತದೆ. ಹೇಗೆ ಅಂತ ಲೆಕ್ಕ ಹಾಕೋಣ.

ಇಟಿ ಎಂದರೆ ಆಫ್‌ಸೆಟ್. ರಿಮ್ಮಿನ ಅಗಲದ ಸರಿ ಅರ್ಧಕ್ಕೆ ಒಂದು ಗೆರೆ ಎಳೆಯಿರಿ. ಹಬ್ಬಿಗೆ ತಾಗಿ ಕೂರುವ ಮುಖ ಆ ಗೆರೆಯಿಂದ ಎಷ್ಟು ಹೊರಗಿದೆಯೋ ಅಷ್ಟು ಇಟಿ. ಇಟಿ ಜಾಸ್ತಿ ಆದರೆ ಚಕ್ರ ಕಾರಿನ ಒಳಗೆ ಹೋಗುತ್ತದೆ, ಕಡಿಮೆ ಆದರೆ ಹೊರಗೆ ಬರುತ್ತದೆ. ನಿಮ್ಮ ಕಂಪನಿ ರಿಮ್ಮಿನ ಹಿಂದೆ ಕೈ ಬ್ಯಾಟರಿ ಹಿಡಿದು ನೋಡಿ. 8ಜೆ×17, ಐಎಸ್ 34 ಎಂದೋ 7.5ಜೆ×17, ಐಎಸ್ 37 ಎಂದೋ ಇರುತ್ತದೆ. ಬಿಎಂಡಬ್ಲ್ಯುದವರು ಇಟಿ ಬದಲು ಐಎಸ್ ಎಂದು ಅಚ್ಚು ಹಾಕುತ್ತಾರೆ, ಗೊಂದಲ ಬೇಡ.

8 ಇಂಚು ಅಂದರೆ 203.2 ಮಿ.ಮೀ., ಅರ್ಧ 101.6. ಅದರಲ್ಲಿ 34 ಕಳೆದರೆ ಹಬ್ಬಿನಿಂದ ಹೊರಗೆ 67.6. ಕೂಡಿಸಿದರೆ ಒಳಗೆ 135.6. ಇದು ಕಂಪನಿ ಲೆಕ್ಕ. ಈಗ ಅಂಗಡಿಯ ರಿಮ್: 9.5 ಇಂಚಿನ ಅರ್ಧ 120.65. ಹೊರಗೆ 85.65, ಒಳಗೆ 155.65. ಅಂದರೆ ಹೊರಗೆ 18 ಮಿ.ಮೀ., ಒಳಗೆ 20 ಮಿ.ಮೀ. ಜಾಸ್ತಿ. ಎರಡೂ ಕಡೆ ಜಾಗ ಬೇಕು! ಹೊರಗೆ ಫೆಂಡರ್ (ಮಡ್‌ಗಾರ್ಡ್) ತುಟಿ ಇದೆ, ಒಳಗೆ ಶಾಕ್ ಅಬ್ಸಾರ್ಬರ್ ಇರುವ ಸ್ಟ್ರಟ್ ಇದೆ. ಮನೆ ಮುಂದೆ ನಿಲ್ಲಿಸಿದಾಗ ಕಾಗದ ತೂರುವಷ್ಟು ಸಂದು ಕಾಣಬಹುದು. ಹಿಂದೆ ಮೂವರು ಕೂತು, ಡಿಕ್ಕಿಯಲ್ಲಿ ಜೋಳದ ಸ್ಯಾಂಪಲ್ ಚೀಲ ಹಾಕಿ, ಹಂಪ್ ಮೇಲೆ ಹತ್ತಿಸಿದಾಗ ಅದೇ ಸಂದು ಟಯರನ್ನು ಕೊಯ್ಯುತ್ತದೆ.

ಟಯರಿನ ಕಡೆಯಿಂದ ನೋಡಿದರೂ ಅಷ್ಟೆ. 19 ಇಂಚಿಗೆ ನಿಮ್ಮ ಕಾರಿನ ಮುಂದೆ ಬರುವುದು 225/40, ಅಂದರೆ ಅಗಲ 225 ಮಿ.ಮೀ., ಪಕ್ಕದ ಗೋಡೆ ಅದರ ಶೇ 40. ಅದು 7.5ರಿಂದ 9 ಇಂಚು ಅಗಲದ ರಿಮ್ಮಿಗೆ ಮಾಡಿದ ಟಯರ್. 9.5ರ ಮೇಲೆ ಹಾಕಿದರೆ ಬಿಗಿ ಅಂಗಿ ಹಾಕಿದ ಹಾಗೆ ಗೋಡೆ ಒಳಕ್ಕೆ ಎಳೆದುಕೊಂಡು ರಿಮ್ಮಿನ ಅಂಚು ಬತ್ತಲೆ ನಿಲ್ಲುತ್ತದೆ. ಹುಡುಗರಿಗೆ ಅದೇ ಸ್ಟೈಲು. ಮೊದಲ ಗುಂಡಿಗೇ ಅಂಚು ಮುಕ್ಕಾಗುತ್ತದೆ.

ಈಗ 73.1ಕ್ಕೆ ಬರೋಣ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ, ಗಿರಾಕಿಯೂ ಕೇಳುವುದಿಲ್ಲ.

ರಿಮ್ಮಿನ ನಡುವೆ ಒಂದು ದೊಡ್ಡ ತೂತು ಇದೆಯಲ್ಲ, ಅದರ ಅಳತೆ ಇದು. ಬೋರ್ ಎನ್ನುತ್ತಾರೆ. ಎತ್ತಿನ ಗಾಡಿಯನ್ನು ನೆನಪಿಸಿಕೊಳ್ಳಿ. ಚಕ್ರದ ಗುಂಬ ಅಚ್ಚಿನ ಮೇಲೆ ಕೂರುತ್ತದೆ. ಕಡಾಣಿ ಇರುವುದು ಚಕ್ರ ಜಾರಿ ಹೋಗದಿರಲಿ ಎಂದು. ಅಚ್ಚಿಗೂ ಗುಂಬಕ್ಕೂ ಸಡಿಲ ಇದ್ದರೆ ಎಷ್ಟು ಒಳ್ಳೆ ಕಡಾಣಿ ಹೊಡೆದರೂ ಗಾಡಿ ಓಲಾಡುತ್ತದೆ. ಕಾರಿನಲ್ಲೂ ಹಬ್ಬಿನ ನಡುವೆ ಒಂದು ದುಂಡು ಮೂತಿ ಮುಂದಕ್ಕೆ ಬಂದಿರುತ್ತದೆ. ರಿಮ್ಮಿನ ಬೋರ್ ಅದಕ್ಕೆ ಸರಿಯಾಗಿ ಹಿಡಿದು ಕೂತರೆ ಚಕ್ರ ಸರಿ ನಡುವಿಗೆ ಬರುತ್ತದೆ. ಆಮೇಲೆ ಬೋಲ್ಟ್‌ಗಳು ಅದನ್ನು ಹಬ್ಬಿನ ಮುಖಕ್ಕೆ ಒತ್ತಿ ಹಿಡಿಯುತ್ತವೆ. ನಡುವಿಗೆ ತರುವ ಕೆಲಸ ಮೂತಿಯದು, ಒತ್ತಿ ಹಿಡಿಯುವ ಕೆಲಸ ಬೋಲ್ಟಿನದು.

ನಿಮ್ಮ ಹಬ್ಬಿನ ಮೂತಿ 72.6. ಹೊರಗಿನ ಕಂಪನಿಗಳು ಒಂದೇ ರಿಮ್ ಹತ್ತು ಕಾರಿಗೆ ಆಗಲಿ ಎಂದು ಬೋರನ್ನು ದೊಡ್ಡದು ಮಾಡಿರುತ್ತವೆ. 73.1 ಅಂಥ ಒಂದು ಅಳತೆ. ಉಳಿದ ಸಂದಿಗೆ ಹಬ್ ರಿಂಗ್ ಎಂಬ ಉಂಗುರ ಹಾಕಬೇಕು. ನಿಮ್ಮಲ್ಲಿ ಸಂದು ಅರ್ಧ ಮಿಲಿಮೀಟರ್. ಇಷ್ಟಕ್ಕೆಲ್ಲ ರಿಂಗ್ ಯಾಕೆ ಎಂದು ಬಿಟ್ಟುಬಿಡುತ್ತಾರೆ. ಹಾಕಿಸಲೇಬೇಕು. ಪ್ಲಾಸ್ಟಿಕ್ ರಿಂಗೂ ಸಿಗುತ್ತದೆ, ಆದರೆ ಬ್ರೇಕಿನ ಬಿಸಿ ನೋಡಿದರೆ ನಾನು ಅಲ್ಯೂಮಿನಿಯಂನದ್ದೇ ಹಾಕುತ್ತೇನೆ.

ಇದನ್ನು ನಾನು ಓದಿ ಕಲಿತದ್ದಲ್ಲ. ಸುಮಾರು ವರ್ಷದ ಹಿಂದೆ ಚಿತ್ರದುರ್ಗದಿಂದ ಒಬ್ಬರು ಆಡಿ ತಂದರು. ಹೊಸ ಅಲಾಯ್, ಹೊಸ ಟಯರ್. 90 ದಾಟಿದರೆ ಸ್ಟೇರಿಂಗ್ ಗಡಗಡ ನಡುಗುತ್ತಿತ್ತು. ನಾನು ಬ್ಯಾಲೆನ್ಸ್ ಮಾಡಿ ಕಳಿಸಿದೆ. ಭರಮಸಾಗರ ತಲುಪುವ ಮೊದಲೇ ಫೋನ್ ಬಂತು, ಹಾಗೇ ಇದೆ ಅಂತ. ಇನ್ನೊಂದು ದಿನ ಬಂದರು, ಮತ್ತೆ ಬ್ಯಾಲೆನ್ಸ್. ಮೂರನೇ ಸಲ ಟಯರ್ ಮೇಲೆ ತಪ್ಪು ಹಾಕಿದೆ. ಅವರು ಪಾಪ ಎರಡು ಟಯರ್ ಬದಲಾಯಿಸಿದರು. ನಡುಕ ನಿಲ್ಲಲಿಲ್ಲ. ನಾಲ್ಕನೇ ಸಲ ಚಕ್ರ ಬಿಚ್ಚಿ ವರ್ನಿಯರ್ (ಮಿಲಿಮೀಟರಿನ ಭಾಗವನ್ನೂ ಅಳೆಯುವ ಸಾಧನ) ಹಿಡಿದೆ. ರಿಮ್ಮಿನ ಬೋರ್ 73.1, ಆಡಿಯ ಹಬ್ 66.6ರ ಹತ್ತಿರ. ನಡುವೆ ಆರೂವರೆ ಮಿಲಿಮೀಟರ್ ಬರೀ ಗಾಳಿ. ರಿಂಗೇ ಇರಲಿಲ್ಲ.

ಬ್ಯಾಲೆನ್ಸಿಂಗ್ ಮಷಿನ್ ಸೊನ್ನೆ ತೋರಿಸಿದ್ದು ಸುಳ್ಳಲ್ಲ. ಮಷಿನ್ನಿನಲ್ಲಿ ರಿಮ್ಮನ್ನು ಕೋನ್ ತೂರಿಸಿ ಬೋರಿನ ಮೇಲೆಯೇ ನಡುವಿಗೆ ತರುತ್ತೇವೆ. ಅಲ್ಲಿ ಅದು ದುಂಡಗೆ ತಿರುಗುತ್ತದೆ. ಕಾರಿಗೆ ಹಾಕಿದ ಮೇಲೆ ನಡು ತಪ್ಪುತ್ತದೆ. ಹೊಸ ರಿಮ್ ಹಾಕಿದ ಮೇಲೆ ಶುರುವಾದ ನಡುಕ ಬ್ಯಾಲೆನ್ಸಿಂಗ್‌ಗೆ ಹೋಗದಿದ್ದರೆ ಮೊದಲು ರಿಂಗ್ ಇದೆಯಾ ನೋಡಿಸಿ. ಆ ಎರಡು ಟಯರಿನ ದುಡ್ಡಿನ ವಿಷಯ ನನಗೆ ಇವತ್ತಿಗೂ ಮುಜುಗರ.

ಬಿಎಂಡಬ್ಲ್ಯು ರಿಮ್ ಅಂದ ಮಾತ್ರಕ್ಕೆ ಎಲ್ಲ ಬಿಎಂಡಬ್ಲ್ಯುಗೂ ಬರುವುದಿಲ್ಲ ಎಂಬುದೂ ನೆನಪಿರಲಿ. ನಿಮ್ಮ ಕಾರಿನ ಮುಂದಿನ ಪೀಳಿಗೆ, 2019ರಲ್ಲಿ ನಮ್ಮಲ್ಲಿಗೆ ಬಂದ ಜಿ20, 5×112ಕ್ಕೆ ಬದಲಾಗಿದೆ. ಹಬ್ ಮೂತಿಯೂ ಚಿಕ್ಕದಾಗಿದೆ. ಹೊಸ ತ್ರೀ ಸೀರೀಸಿನ ಒರಿಜಿನಲ್ ರಿಮ್ ಅಗ್ಗಕ್ಕೆ ಸಿಕ್ಕಿತು ಎಂದು ಬೆಂಗಳೂರಿನಿಂದ ಹೊತ್ತು ತಂದರೆ ಅದು ನಿಮ್ಮ ಹಬ್ಬಿಗೆ ಕೂರುವುದೇ ಇಲ್ಲ. ಅನುಮಾನ ಬಂದರೆ ಅಳತೆ ಸುಲಭ. ಐದು ತೂತಿನ ರಿಮ್ಮಿನಲ್ಲಿ ಅಕ್ಕಪಕ್ಕದ ಎರಡು ತೂತುಗಳ ನಡುವಿನಿಂದ ನಡುವಿಗೆ ಅಳೆಯಿರಿ. 70.5 ಮಿ.ಮೀ. ಬಂದರೆ 120, 67.2 ಬಂದರೆ 114.3, 65.8 ಬಂದರೆ 112. ಟೇಪಿನಲ್ಲಿ ಇದು ಕಷ್ಟ, ವರ್ನಿಯರ್ ಇರುವ ಕಡೆ ಅಳೆಸಿ.

ಬೇರೆ ಕಾರಿನವರೂ ಇದೇ ಪ್ರಶ್ನೆ ಕೇಳುತ್ತಿರುತ್ತಾರೆ, ಹಾಗಾಗಿ ಒಂದೆರಡು ಮಾತು. 2014ರ ನಂತರದ ಮರ್ಸಿಡಿಸ್ ಸಿ-ಕ್ಲಾಸ್ (ಡಬ್ಲ್ಯು205) 5×112, ಬೋರ್ 66.6. ಆಡಿ ಎ4 ಕೂಡ 5×112, ಬೋರ್ ಹೆಚ್ಚುಕಡಿಮೆ ಅಷ್ಟೇ. ಸ್ಕೋಡಾ ಸೂಪರ್ಬ್ 5×112 ಆದರೂ ಬೋರ್ 57.1. ಸೂಪರ್ಬ್‌ನ ಒರಿಜಿನಲ್ ರಿಮ್ ಆಡಿಯ ಹಬ್ ಮೂತಿಯ ಮೇಲೆ ಕೂರುವುದಿಲ್ಲ, ಆಡಿಯದ್ದು ರಿಂಗ್ ಹಾಕಿ ಸೂಪರ್ಬ್‌ಗೆ ತರಬಹುದು. ಟೊಯೋಟ ಕ್ಯಾಮ್ರಿ 5×114.3, ಬೋರ್ 60.1, ಅದಕ್ಕೆ ಬೋಲ್ಟ್ ಅಲ್ಲ, ನಟ್. ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಕಾರುಗಳಿದ್ದರೆ ನಾಲ್ಕು ಟಯರಿನ ಎತ್ತರವೂ ಒಂದೇ ಇರಬೇಕು.

ಹಾಗಾದರೆ ನಿಮಗೆ ಯಾವುದು?

ನನ್ನ ಕೇಳಿದರೆ ಬೆಂಡ್ ಆದ ಒಂದಕ್ಕೆ ಅದೇ ಮಾದರಿಯ 17 ಇಂಚಿನ ಒರಿಜಿನಲ್ ರಿಮ್ ಹುಡುಕಿ ಹಾಕಿಸಿ ಎನ್ನುತ್ತೇನೆ. ಮಗ ಒಪ್ಪಲ್ಲ, ಗೊತ್ತು. ಹಾಗಾಗಿ ನಡುದಾರಿ 18 ಇಂಚು. 18×8, ಇಟಿ 34ರ ಆಸುಪಾಸು, 5×120, ಬೋರ್ 72.6 ಅಥವಾ ರಿಂಗ್ ಸಮೇತ ಸ್ವಲ್ಪ ದೊಡ್ಡದು, ನಾಲ್ಕಕ್ಕೂ 225/45 ಟಯರ್. ಕಂಪನಿಯೇ ಈ ಕಾರಿಗೆ ಕೊಟ್ಟಿರುವ ಅಳತೆ ಇದು. ಹಿಂದೆ 255/40 ಅಗಲದ ಟಯರ್ ಹಾಕುವ ಜೋಡಿಯೂ ಇದೆ. ನೋಡಲು ಚೆಂದ, ಆದರೆ ಮುಂದಿನದನ್ನು ಹಿಂದಕ್ಕೆ ಬದಲಾಯಿಸಿ ಸವೆತ ಹಂಚುವ ಹಾಗಿಲ್ಲ. ನಿಮ್ಮ ಓಡಾಟಕ್ಕೆ ನಾಲ್ಕೂ ಒಂದೇ ಇರಲಿ.

19 ಯಾಕೆ ಬೇಡ ಎಂದರೆ ಕಾರಣ ಸ್ಪೀಡೋಮೀಟರ್ ಅಲ್ಲ. ಅದರಲ್ಲಿ ಏನೂ ಆಗುವುದಿಲ್ಲ. 225/50 ಆರ್17 ಟಯರಿನ ಎತ್ತರ 656.8 ಮಿ.ಮೀ., 225/45 ಆರ್18 ಸುಮಾರು 659.7, 225/40 ಆರ್19 ಸುಮಾರು 662.6. ಶೇ 1ಕ್ಕಿಂತ ಕಡಿಮೆ ವ್ಯತ್ಯಾಸ. ಕಾರು ಎತ್ತರವೂ ಆಗುವುದಿಲ್ಲ, ಗ್ರೌಂಡ್ ಕ್ಲಿಯರೆನ್ಸ್ ಜಾಸ್ತಿ ಆಗುತ್ತದೆ ಅನ್ನುವವರ ಮಾತು ನಂಬಬೇಡಿ, ಬರೀ 3 ಮಿ.ಮೀ. ಬದಲಾಗುವುದು ಟಯರಿನ ಗೋಡೆ. 17ಕ್ಕೆ ರಬ್ಬರ್ ಗೋಡೆ 112 ಮಿ.ಮೀ. ಇತ್ತು. 18ಕ್ಕೆ 101. 19ಕ್ಕೆ 90. ಗುಂಡಿಯ ಅಂಚು ಹೊಡೆದಾಗ ಆ ಗೋಡೆ ಮಡಚಿಕೊಂಡು ಪೆಟ್ಟು ತಿನ್ನುತ್ತದೆ. ಗೋಡೆ ಸಾಲದಿದ್ದರೆ ಪೆಟ್ಟು ನೇರ ರಿಮ್ಮಿಗೆ. ನಡುವೆ ಸಿಕ್ಕಿಕೊಂಡ ಟಯರಿನ ದಾರ ಹರಿದು ಮಾರನೆ ದಿನ ಪಕ್ಕದಲ್ಲಿ ಬಬಲ್ ಬರುತ್ತದೆ.

ಬೆಂಗಳೂರು ಹೈವೇಯೊಂದೇ ಆಗಿದ್ದರೆ ನಾನು ಇಷ್ಟು ಹೇಳುತ್ತಿರಲಿಲ್ಲ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ 19 ಇಂಚು ನಡೆಯುತ್ತದೆ. ಆದರೆ ಜಗಳೂರು ಕಡೆ ಹಳ್ಳಿ ದಾರಿ ನಿಮಗೇ ಗೊತ್ತು. ಬಣ್ಣ ಇಲ್ಲದ ಹಂಪ್. ಸುಗ್ಗಿಯಲ್ಲಿ ರಸ್ತೆ ಮೇಲೇ ಒಕ್ಕಣೆ, ರಾಗಿ ಹುಲ್ಲಿನ ಕೆಳಗೆ ಗುಂಡಿ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಜೋಳ ಒಣಗಲು ಹಾಕಿ ಸುತ್ತ ಕಲ್ಲು ಇಟ್ಟಿರುತ್ತಾರೆ, ರಾತ್ರಿ ಆ ಕಲ್ಲು ತೆಗೆಯುವುದು ಮರೆತಿರುತ್ತಾರೆ. (ಆ ಜೋಳ ಕೊನೆಗೆ ನಿಮ್ಮ ಅಂಗಡಿಗೇ ಬರುವುದು, ಹಾಗಾಗಿ ಬೈಯುವ ಹಾಗೂ ಇಲ್ಲ.) 17ರಲ್ಲೇ ಒಂದು ರಿಮ್ ಬೆಂಡ್ ಆಗಿದೆ ಎಂದು ನೀವೇ ಬರೆದಿದ್ದೀರಿ.

ಅದೇ ಬೆಂಡ್ ಬಗ್ಗೆ: ಅಂಚು ಸ್ವಲ್ಪ ತಗ್ಗಿದ್ದರೆ ಮಷಿನ್ನಿನಲ್ಲಿ ನಿಧಾನಕ್ಕೆ ಒತ್ತಿ ಸರಿ ಮಾಡಬಹುದು. ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸಿ ಸುತ್ತಿಗೆಯಲ್ಲಿ ಬಡಿಯುವ ಕಡೆ ಕೊಡಬೇಡಿ. ಬಿರುಕು ಕಂಡರೆ ಆ ರಿಮ್ ಗುಜರಿಗೆ.

ಮಗ 19ಕ್ಕೇ ಪಟ್ಟು ಹಿಡಿದರೆ 8.5 ಇಂಚು ಅಗಲ, ಇಟಿ 35, ಟಯರ್ 225/40. ಲೆಕ್ಕ ಹಾಕಿದರೆ ಹೊರಗೆ ಐದೂಕಾಲು, ಒಳಗೆ ಏಳು ಮಿಲಿಮೀಟರ್‌ನಷ್ಟು ಜಾಸ್ತಿ. ಕೂರುತ್ತದೆ. ಸೊಂಟದ ವಿಷಯ ನಿಮಗೆ ಬಿಟ್ಟದ್ದು.

ನಿಮ್ಮ ಕಾರಿಗೆ ಕಂಪನಿಯಿಂದ ಬಂದದ್ದು ರನ್‌ಫ್ಲಾಟ್ ಟಯರ್ ಇರಬೇಕು. ಪಂಚರ್ ಆದರೂ ಗೋಡೆಯ ಗಟ್ಟಿತನದ ಮೇಲೆ ಸ್ವಲ್ಪ ದೂರ ಓಡುವ ಟಯರ್ ಅದು. ಟಯರಿನ ಪಕ್ಕದಲ್ಲಿ ಬರೆದಿರುತ್ತದೆ, ನೋಡಿ. ಆ ಗಟ್ಟಿ ಗೋಡೆಯೇ ನಮ್ಮ ದಾರಿಯಲ್ಲಿ ಕಾರನ್ನು ಕುಟ್ಟಿಸುತ್ತದೆ. ಅದಕ್ಕೆ ಹೊಂದುವ ರಿಮ್ಮಿನ ಹಿಂದೆ ಇಎಚ್2 ಎಂದು ಇರುತ್ತದೆ. ಗಾಳಿ ಹೋದಾಗ ಟಯರ್ ಕಳಚದ ಹಾಗೆ ಒಳಗೆ ಎರಡು ದಿಣ್ಣೆ ಮಾಡಿರುತ್ತಾರೆ. ಹೊರಗಿನ ಅಲಾಯ್‌ಗಳಲ್ಲಿ ಇದು ಎಷ್ಟೋ ಸಲ ಇರುವುದಿಲ್ಲ. ಇಲ್ಲದಿದ್ದರೆ ಅದಕ್ಕೆ ರನ್‌ಫ್ಲಾಟ್ ಹಾಕಬೇಡಿ. ಮಾಮೂಲಿ ಟಯರ್ ಹಾಕಿಸಿ, ಕಾರು ಮೆತ್ತಗೆ ಹೋಗುತ್ತದೆ. ಆದರೆ ಆಗ ಡಿಕ್ಕಿಯಲ್ಲಿ ಸ್ಟೆಪ್ನಿ ಇಲ್ಲದಿದ್ದರೆ ಹಿರಿಯೂರು ಹತ್ತಿರ ರಾತ್ರಿ ಹನ್ನೊಂದಕ್ಕೆ ಪಂಚರ್ ಆದಾಗ ಕಷ್ಟ.

ಭಾರದ ಲೆಕ್ಕ ಯಾರೂ ನೋಡುವುದಿಲ್ಲ. ಬಾಗಿಲು ತೆಗೆದರೆ ನಡುಕಂಬದ ಮೇಲೆ ಒಂದು ತಗಡೋ ಸ್ಟಿಕ್ಕರೋ ಇರುತ್ತದೆ. ಅದರಲ್ಲಿ 1 ಎಂದು ಮುಂದಿನ ಆಕ್ಸಲ್, 2 ಎಂದು ಹಿಂದಿನ ಆಕ್ಸಲ್ ಎಷ್ಟು ಕೆ.ಜಿ. ಹೊರಬಹುದು ಎಂದು ಬರೆದಿರುತ್ತದೆ. ದೊಡ್ಡ ಅಂಕಿಯನ್ನು ಎರಡರಿಂದ ಭಾಗಿಸಿ. ಒಂದೊಂದು ರಿಮ್ ಅದಕ್ಕಿಂತ ಜಾಸ್ತಿ ಹೊರುವಂಥದ್ದಾಗಿರಬೇಕು. ರಿಮ್ಮಿನ ಹಿಂದೆ ಮ್ಯಾಕ್ಸ್ ಲೋಡ್ ಎಂದು ಕೆ.ಜಿ.ಯಲ್ಲಿ ಅಚ್ಚು ಇರುತ್ತದೆ. ಸಣ್ಣ ಕಾರಿಗೆ ಮಾಡಿದ ರಿಮ್ಮಿನಲ್ಲಿ ಈ ಅಂಕಿ ಕಡಿಮೆ ಇರುತ್ತದೆ. ಟಯರಿಗೂ ಲೋಡ್ ಇಂಡೆಕ್ಸ್ ಇದೆ: 91 ಎಂದರೆ 615 ಕೆ.ಜಿ., 94 ಎಂದರೆ 670, 95 ಎಂದರೆ 690. ನಿಮ್ಮ ಹಳೆಯ ಟಯರಿನಲ್ಲಿ 94 ಇದ್ದರೆ ಹೊಸದರಲ್ಲೂ ಅದಕ್ಕೆ ಕಡಿಮೆ ಬೇಡ. 225/45 ಆರ್18ರಲ್ಲಿ 91ರದ್ದೂ ಸಿಗುತ್ತದೆ, 95ರದ್ದೂ ಸಿಗುತ್ತದೆ. 95 ಕೇಳಿ ತೆಗೆದುಕೊಳ್ಳಿ.

ಗುಣಮಟ್ಟಕ್ಕೆ ರಿಮ್ಮಿನ ಮೇಲೆ ಐಎಸ್ಐ ಗುರುತು, ಐಎಸ್ 16192 ಎಂಬ ಸಂಖ್ಯೆ ಇದೆಯಾ ನೋಡಿ. ಹೊರದೇಶದ್ದಾದರೆ ಜೆಡಬ್ಲ್ಯುಎಲ್ ಎಂದಿರುತ್ತದೆ. ಅದು ಜಪಾನಿನ ಗುರುತು, ತಯಾರಕರೇ ಪರೀಕ್ಷೆ ಮಾಡಿ ಹಾಕಿಕೊಳ್ಳುವಂಥದ್ದು. ಜೊತೆಗೆ ವಿಐಎ ಎಂದೂ ಇದ್ದರೆ ಬೇರೆ ಸಂಸ್ಥೆ ಪರೀಕ್ಷಿಸಿದೆ ಎಂದರ್ಥ. ಏನೂ ಅಚ್ಚಿಲ್ಲದ ನುಣ್ಣನೆ ಬೆನ್ನಿನ ರಿಮ್ ಎಷ್ಟು ಅಗ್ಗ ಇದ್ದರೂ ಮುಟ್ಟಬೇಡಿ.

ಬೋಲ್ಟಿಗೆ ಬಂದರೆ, ನಿಮ್ಮ ಕಾರಿನದು ಎಂ14×1.25, ತಲೆಯ ಕೆಳಭಾಗ ಕೋನ್ ಹಾಗೆ ಇಳಿಜಾರು, 60 ಡಿಗ್ರಿ. ಮರ್ಸಿಡಿಸ್, ಆಡಿಗಳದ್ದು ಎಂ14×1.5, ತಲೆ ಗುಂಡಗೆ. ದಪ್ಪ ಒಂದೇ, ಮರೆ (ಥ್ರೆಡ್) ಬೇರೆ. ಗೊತ್ತಿಲ್ಲದ ಹುಡುಗ ಏರ್ ಗನ್ ಹಿಡಿದು ಮರ್ಸಿಡಿಸ್ ಬೋಲ್ಟನ್ನು ನಿಮ್ಮ ಹಬ್ಬಿಗೆ ಒತ್ತಿದರೆ ಹಬ್ಬಿನ ಮರೆಯೇ ಕಿತ್ತು ಬರುತ್ತದೆ, ಹಬ್ ಬದಲಾಯಿಸಬೇಕಾಗುತ್ತದೆ. ಹಾಗೆಯೇ ಇಳಿಜಾರು ತಲೆಯ ಬೋಲ್ಟನ್ನು ಗುಂಡು ತಲೆಗೆ ಮಾಡಿದ ರಿಮ್ಮಿನಲ್ಲಿ ಹಾಕಿದರೆ ಬಳೆಯಷ್ಟು ತೆಳು ಗೆರೆಯಲ್ಲಿ ಮಾತ್ರ ತಾಗುತ್ತದೆ. ಓಡಿದಂತೆ ಸಡಿಲ ಆಗುತ್ತದೆ.

ಉದ್ದವೂ ನೋಡಬೇಕು. ಹೊಸ ರಿಮ್ಮಿನ ಕೂರುವ ಭಾಗ ಕಂಪನಿಯದಕ್ಕಿಂತ ದಪ್ಪ ಇದ್ದರೆ ಹಳೆ ಬೋಲ್ಟ್ ಗಿಡ್ಡ ಆಗುತ್ತದೆ. ಕೈಯಲ್ಲಿ ತಿರುಗಿಸುತ್ತಾ ಎಣಿಸಿ. ಈ ಮರೆಗೆ ಪೂರ್ತಿ ಒಂಬತ್ತು ಸುತ್ತಾದರೂ ಹಿಡಿಯಬೇಕು. ಹಾಗಂತ ಅತಿ ಉದ್ದದ ಬೋಲ್ಟೂ ಕೂಡದು. ಎಫ್30ರ ಹಿಂದಿನ ಡಿಸ್ಕ್ ಒಳಗೆ ಹ್ಯಾಂಡ್ ಬ್ರೇಕಿನ ಶೂಗಳಿವೆ, ಉದ್ದದ ಬೋಲ್ಟಿನ ತುದಿ ಒಳಗೆ ಹೋಗಿ ಅಲ್ಲಿ ತಗುಲುತ್ತದೆ. ಸ್ಪೇಸರ್ (ಚಕ್ರವನ್ನು ಹೊರಗೆ ತರಲು ಹಾಕುವ ಬಿಲ್ಲೆ) ಜೊತೆ ಕೊಟ್ಟ ಬೋಲ್ಟನ್ನು ಸ್ಪೇಸರ್ ತೆಗೆದ ಮೇಲೂ ಹಾಕಿದವರಿಗೆ ಆಗುವುದು ಇದೇ.

ಟಯರ್ ಹತ್ತಿಸುವ ಮೊದಲು ಬರೀ ರಿಮ್ಮನ್ನು ಮುಂದೊಂದು, ಹಿಂದೊಂದು ಹಾಕಿ ನೋಡಿಸಿ. ಟಯರ್ ಹತ್ತಿದ ಮೇಲೆ ರಿಮ್ಮಿಗೆ ಗೀರು ಬಿದ್ದಿರುತ್ತದೆ, ವಾಪಸ್ ಕೊಡುವಾಗ ಜಗಳ. ಹೋಗುವಾಗ ಮನೆಯಿಂದ ಸ್ವಲ್ಪ ಚಪಾತಿ ಹಿಟ್ಟು ಕಲಸಿಕೊಂಡು ಹೋಗಿ. ತಮಾಷೆಯಲ್ಲ. ಬ್ರೇಕ್ ಕ್ಯಾಲಿಪರ್ (ಡಿಸ್ಕನ್ನು ಹಿಡಿಯುವ ಭಾಗ) ಮೇಲೆ ಹಿಟ್ಟಿನ ಉಂಡೆ ಮೆತ್ತಿ ರಿಮ್ ಹಾಕಿ ಒಂದು ಸುತ್ತು ಕೈಯಲ್ಲಿ ತಿರುಗಿಸಿ ಬಿಚ್ಚಿದರೆ, ಉಂಡೆ ಎಷ್ಟು ತೆಳು ಆಗಿದೆಯೋ ಅಷ್ಟೇ ಸಂದು. 3 ಮಿ.ಮೀ.ಗಿಂತ ಕಡಿಮೆ ಇದ್ದರೆ ಒಪ್ಪಬೇಡಿ. ಟಯರ್ ಹಾಕಿದ ಮೇಲೆ ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಫೆಂಡರ್ ಒಳಗಿನ ಲೈನರಿಗೆ ಟಯರ್ ತಗುಲುತ್ತದಾ ನೋಡಿ. ಆಮೇಲೆ ಹಿಂದಿನ ಸೀಟಿಗೆ ಅಂಗಡಿಯ ಮೂವರು ಹುಡುಗರನ್ನು ಕೂರಿಸಿ ಒಂದು ಹಂಪ್ ದಾಟಿಸಿ. ಮಂಡಕ್ಕಿ ಮೆಣಸಿನಕಾಯಿ ಕೊಡಿಸಿದರೆ ಖುಷಿಯಿಂದ ಬರುತ್ತಾರೆ.

ಹಬ್ಬಿನ ಮುಖದ ತುಕ್ಕನ್ನು ವೈರ್ ಬ್ರಷ್ಷಿನಲ್ಲಿ ಉಜ್ಜಿಸಿ. ಐದೂ ಬೋಲ್ಟನ್ನು ಮೊದಲು ಕೈಯಲ್ಲಿ ಹಿಡಿಸಿ, ನಕ್ಷತ್ರ ಬರೆಯುವ ಕ್ರಮದಲ್ಲಿ ಒಂದು ಬಿಟ್ಟು ಒಂದು ಬಿಗಿಯಬೇಕು. ಕೊನೆಯ ಬಿಗಿ ಟಾರ್ಕ್ ರೆಂಚಿನಲ್ಲಿ (ಎಷ್ಟು ಬಿಗಿ ಎಂದು ಅಳೆಯುವ ಪಾನಾ) 140 ನ್ಯೂಟನ್ ಮೀಟರ್. ಟಾರ್ಕ್ ರೆಂಚ್ ಇಲ್ಲ, ಗನ್ನಿನಲ್ಲೇ ಸಾಕು ಎನ್ನುವ ಅಂಗಡಿಯಿಂದ ಎದ್ದು ಬನ್ನಿ. 50ರಿಂದ 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ನೋಡಿಸಬೇಕು. ನಿಮಗೆ ಲೆಕ್ಕ ಸುಲಭ: ಭರಮಸಾಗರಕ್ಕೆ ಹೋಗಿ ಬನ್ನಿ, ಬಂದು ನೋಡಿಸಿ. ಚಕ್ರ ತಣ್ಣಗಾದ ಮೇಲೆ.

ಕಾನೂನಿನ ಕಡೆಯಿಂದಲೂ ಒಂದು ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿ ಹಿಡಿದಿದೆ. ಕಂಪನಿ ಇದೇ ಮಾದರಿಗೆ ಕೊಟ್ಟಿರುವ ಅಳತೆಯೊಳಗೇ ಇದ್ದರೆ ನಿಮ್ಮ ಮಾತಿಗೆ ಬಲ ಇರುತ್ತದೆ. ಫೆಂಡರಿನಿಂದ ಹೊರಗೆ ಚಾಚಿದ ಚಕ್ರ ಪೊಲೀಸರ ಕಣ್ಣಿಗೆ ಮೊದಲು ಬೀಳುತ್ತದೆ. ವಿಮೆ ಕಂಪನಿಗೆ ರಿಮ್ ಬದಲಾಯಿಸಿದ್ದನ್ನು ಬರವಣಿಗೆಯಲ್ಲಿ ತಿಳಿಸಿ, ಬಿಲ್ ಇಟ್ಟುಕೊಳ್ಳಿ.

ಕೊನೆಯದಾಗಿ, 18 ಇಂಚಿನ ಸೆಟ್ ತೆಗೆದುಕೊಂಡರೆ ಅಂಗಡಿಯವರು ನಿಮ್ಮ ಹಳೆಯ 17ರ ಸೆಟ್ಟನ್ನು ಎಕ್ಸ್‌ಚೇಂಜಿಗೆ ಕೇಳುತ್ತಾರೆ. ಕೊಡಬೇಡಿ. ಎತ್ತರದಲ್ಲಿ 18ಕ್ಕೂ ಅದಕ್ಕೂ ಬರೀ 3 ಮಿ.ಮೀ. ವ್ಯತ್ಯಾಸ, ಹಾಗಾಗಿ ನೆಟ್ಟಗಿರುವ ಒಂದನ್ನು ಟಯರ್ ಸಮೇತ ಡಿಕ್ಕಿಯಲ್ಲಿ ಸ್ಟೆಪ್ನಿಯಾಗಿ ಇಟ್ಟುಕೊಳ್ಳಬಹುದು. ಅದಕ್ಕೆ ಹಾಕುವ ಹಳೆಯ ಐದು ಬೋಲ್ಟನ್ನೂ ಒಂದು ಚೀಲದಲ್ಲಿ ಕಟ್ಟಿ ಅದರ ಜೊತೆಯಲ್ಲೇ ಇಡಿ. ಉಳಿದ ಎರಡು ಒಳ್ಳೆಯ ರಿಮ್ಮನ್ನು ಗೋದಾಮಿನ ಅಟ್ಟದ ಮೇಲೆ ಹಾಕಿ, ಕಾರು ಮಾರುವ ದಿನ ತೆಗೆಯಿರಿ. ಕೊಳ್ಳುವವರು ಒರಿಜಿನಲ್ ರಿಮ್ ಎಲ್ಲಿ ಎಂದು ಕೇಳಿಯೇ ಕೇಳುತ್ತಾರೆ.